ಗದಿಗೆವ್ವನ ಮೂಗು

ಮೇಡ್ಲೇರಿಯ ಹೊಲದಲ್ಲಿ ಒಂದೇ ಒಂದು ಮೆಣಸಿನಕಾಯಿಗೆ ಬೂಸಲು ಹಿಡಿದರೆ ಬ್ಯಾಡಗಿಯಲ್ಲಿ ಕೂತ ಗದಿಗೆವ್ವ ಸೀನುತ್ತಾಳೆ, ನಡುವೆ ಇಡೀ ರಾಣೇಬೆನ್ನೂರು ಅಡ್ಡ ಬಂದರೂ ಆ ವಾಸನೆ ದಾರಿ ತಪ್ಪುವುದಿಲ್ಲ. ಹೀಗೆಂದು ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿ ಇಟ್ಟ ಫಕ್ಕೀರಪ್ಪ ಸಾವ್ಕಾರರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಮಾರ್ಕೆಟ್ ಯಾರ್ಡಿನಲ್ಲಿ ಈ ಮಾತನ್ನು ನಂಬದವರು ಇಬ್ಬರೇ. ಒಬ್ಬ, ಹುಟ್ಟಾ ನೆಗಡಿಯ ಹಮಾಲ ಕಾಸೀಮಸಾಬ. ಇನ್ನೊಬ್ಬಳು ಸ್ವತಃ ಗದಿಗೆವ್ವ.

ಹನ್ನೆರಡನೇ ವಯಸ್ಸಿಗೆ ಅವ್ವನ ಬೆನ್ನು ಹತ್ತಿ ಬಂದು ಕೆಂಪು ರಾಶಿಯ ಮುಂದೆ ಕೂತವಳು ಅವಳು. ತುಂಬು ಬಿಡಿಸುವುದು, ಅಂದರೆ ಕಾಯಿಯ ತೊಟ್ಟು ಕೀಳುವುದು ಕೆಲಸ. ಅವಳು ಕಿತ್ತ ತೊಟ್ಟುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಬ್ಯಾಡಗಿ ಸ್ಟೇಶನ್ನಿನಿಂದ ದಿಲ್ಲಿ ಮುಟ್ಟಿ, ವಾಪಸು ಬರುವಾಗ ಹುಬ್ಬಳ್ಳಿಯಲ್ಲಿ ಚಹಾಕ್ಕೆ ಇಳಿಯುವಷ್ಟು ಉಳಿಯುತ್ತಿದ್ದವು. ಹದಿನೈದು ವರ್ಷದ ಹಿಂದೊಂದು ದಿನ, ಹೊಲಿದಿಟ್ಟ ಚೀಲವೊಂದರ ಪಕ್ಕ ಹಾಯುವಾಗ “ಇದರೊಳಗ ಕೆಟ್ಟೈತ್ರಿ” ಅಂದಳು. ಬಿಚ್ಚಿ ನೋಡಿದರೆ ನಡುಗರ್ಭದಲ್ಲಿ ಬೂಸಲು. ಅಂದಿನಿಂದ ಅವಳು ತಲೆಯಾಡಿಸದೆ ಸಾವ್ಕಾರರ ಅಂಗಡಿಯ ಯಾವ ಚೀಲವೂ ಕೋಲ್ಡ್ ಸ್ಟೋರೇಜಿಗೆ ಹೋಗಲಿಲ್ಲ. ಉಳಿದ ಹೆಂಗಸರು ನೆಲದ ಮೇಲೆ. ಗದಿಗೆವ್ವನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯಲ್ಲಿ ಅವಳು ಜಿಲ್ಲಾಧಿಕಾರಿಗಿಂತ ಅರ್ಧ ಗೇಣು ಎತ್ತರಕ್ಕೆ ಕೂರುತ್ತಿದ್ದಳು.

ಆದರೆ ಕೊರೊನಾ ವರ್ಷದ ಜ್ವರ ಆ ಮೂಗನ್ನು ತಿಂದು ಹೋಗಿತ್ತು. ಜ್ವರ ಇಳಿದ ಮೇಲೆ ಏನೋ ಮಂದವಾಗಿದೆ ಅನಿಸಿತ್ತು, ಬಂದೀತು ಅಂದುಕೊಂಡಿದ್ದಳು. ಬರುವುದಿಲ್ಲವೆಂದು ತಿಳಿದದ್ದು ಮಗಳು ಪುಷ್ಪಲತಾ ಹೆತ್ತಾಗ. ಹತ್ತು ದಿನದ ಕೂಸಿನ ನೆತ್ತಿಗೆ ಮೂಗು ಹಚ್ಚಿದಳು. ಎಣ್ಣೆಯ ವಾಸನೆಯಿಲ್ಲ, ಬಜೆಯದಿಲ್ಲ, ಲೋಬಾನದ್ದೂ ಇಲ್ಲ. ಗೋಡೆಗೆ ಮುಖ ಹಚ್ಚಿದ ಹಾಗಿತ್ತು. ಕಣ್ಣೀರು ಬಂತು. “ಯಾಕಬೇ ಯವ್ವಾ?” ಅಂದಳು ಮಗಳು. “ಹೊಗಿ,” ಅಂದಳು ಗದಿಗೆವ್ವ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ. ಮುಂಚಿನಂತೆ ಕಾಯಿ ಎತ್ತಿ ಮೂಗಿನ ಹತ್ತಿರ ಹಿಡಿಯುತ್ತಿದ್ದಳು, ಚೀಲ ಒಂದೂ ತಪ್ಪುತ್ತಿರಲಿಲ್ಲ. ಅದು ಹೇಗೆ ಎನ್ನುವುದು ಅವಳೊಬ್ಬಳ ಗುಟ್ಟು.

ಹಾವೇರಿಯಿಂದ ಮೃಣಾಲಿನಿ ಅಕ್ಕೋರು ಬಂದದ್ದು ಆಗ. ಕಾಲೇಜಿನಲ್ಲಿ ಪಾಠ ಹೇಳುತ್ತ ಶಿಲೀಂಧ್ರಗಳ ಮೇಲೆ ಸಂಶೋಧನೆ ಮಾಡುವವರು. ಜನ ರೊಟ್ಟಿಗೆ ಬೂಸಲು ಹಿಡಿದರೆ ಎಸೆಯುತ್ತಾರೆ, ಅಕ್ಕೋರು ಅದಕ್ಕೆ ಹೆಸರಿಟ್ಟು ಗಾಜಿನ ತಟ್ಟೆಯಲ್ಲಿ ಸಾಕುತ್ತಾರೆ. ಮೆಣಸಿನಕಾಯಿಯ ಒಂದು ಜಾತಿಯ ಬೂಸಲು ವಿಷ ಕಾರುತ್ತದೆ, ಅದು ತಿಂದವರ ಯಕೃತ್ತಿಗೆ ಕುತ್ತು, ಮಷೀನಿನಲ್ಲಿ ಪರೀಕ್ಷೆ ಮಾಡಬೇಕು ಎಂದು ಅವರು ಹೇಳುತ್ತಿದ್ದಂತೆ ಸಾವ್ಕಾರರು ಅಡ್ಡ ಬಾಯಿ ಹಾಕಿದರು.

“ನಿಮ್ಮ ಮಷೀನ ತಗದ ಇಡ್ರಿ ಅಕ್ಕೋರ. ನಮ್ಮ ಮಷೀನ ಇಲ್ಲಿ ಕುರ್ಚಿ ಮ್ಯಾಲ ಕುಂತೈತಿ.”

ಅಕ್ಕೋರಿಗೆ ಕುತೂಹಲ. ಮರುವಾರ ಮೆಣಸಿನಕಾಯಿ ತುಂಬಿದ ಹತ್ತು ಡಬ್ಬಿ ತಂದರು, ಬಾಯಿಗೆ ತೆಳು ಅರಿವೆ ಕಟ್ಟಿದ್ದವು.

“ಬಿಚ್ಚಿ ಕೈಯಾಗ ಕೊಡ್ರಲಾ,” ಅಂದಳು ಗದಿಗೆವ್ವ. ಕೈ ಆಗಲೇ ಚಾಚಿದ್ದಳು.

“ಬ್ಯಾಡ್ರಿ, ಬರೇ ವಾಸನಿ ನೋಡಿ ಹೇಳ್ರಿ.”

ಏಳನೇ ಡಬ್ಬಿಗೆ ಅವಳು “ಚಲೋ ಐತಿ” ಅಂದಳು. ಅರಿವೆ ಬಿಚ್ಚಿದರೆ ಒಳಗೆ ಹಸಿರು ಬೂಸಲು, ಎರಡು ಕುರಿ ಬಿಟ್ಟರೆ ಹೊಟ್ಟೆ ತುಂಬ ಮೇಯುವಷ್ಟು! ಯಾರೋ ಕಿಸಕ್ಕೆಂದರು.

“ಆಕಿಗೆ ನೆಗಡಿ ಆಗೇತ್ರಿ!” ಎಂದು ಪಕ್ಕದಲ್ಲಿ ತುಂಬು ಬಿಡಿಸುತ್ತಿದ್ದ ಕುಲ್ಸುಮಬಿ ಕೂಗಿದಳು. ಅಂಥ ಸುಳ್ಳಿಗೆ ಸ್ವರ್ಗದಲ್ಲಿ ಜಾಗ ಸಿಗಬೇಕು.

ಸಾವ್ಕಾರರು ಮುಖ ತಿರುಗಿಸಿ, “ನಾಳಿಂದ ತುಂಬು ಬಿಡಸೂದಷ್ಟ ಮಾಡವಾ,” ಅಂದರು.

ಮರುದಿನ ಕುರ್ಚಿಯ ಮೇಲೆ ನೀರಿನ ಕೊಡ ಕೂತಿತ್ತು. ಒಣಗಿದ ಕಾಯಿ ಚೀಲಕ್ಕೆ ತುಂಬುವಾಗ ಮುರಿಯಬಾರದೆಂದು ನೀರು ಚಿಮುಕಿಸುವುದು ಹಳೆಯ ರೂಢಿ. ನೀರು ಹೆಚ್ಚಾದರೆ ಬೂಸಲೆಂದು ಗದಿಗೆವ್ವ ಎಷ್ಟು ಹೇಳಿದರೂ ಸಾವ್ಕಾರರ ಕೈ ಮಾತ್ರ ಕಾಯಿಗೆ ಸ್ನಾನ ಮಾಡಿಸಿ ತಲೆ ಬಾಚುವ ಕೈ. ಗದಿಗೆವ್ವ ನೆಲದ ಮೇಲೆ ಕೂತು ಎಂಟು ದಿನ ತೊಟ್ಟು ಕಿತ್ತಳು.

ಒಂಬತ್ತನೇ ದಿನ ಅಕ್ಕೋರು ಅವಳ ಮನೆ ಬಾಗಿಲಿಗೇ ಬಂದರು. ಕೈಯಲ್ಲಿ ಎರಡು ಗಾಜಿನ ತಟ್ಟೆ.

“ಡಬ್ಬಿ ತಂದ ದಿನ ಮುಂಜಾನೆ ನೀವು ಆರಿಸಿ ಒಗದಿದ್ರಲಾ, ಆ ಕಾಯಿ ಒಂದಿಷ್ಟು ಒಯ್ದಿದ್ದೆ. ನೋಡ್ರಿ, ಹೆಂಗ ಬೆಳದದ. ಇದು ಅದ ಮುಂಜಾನೆ ನೀವು ಚಲೋ ಅಂತ ಚೀಲಕ್ಕ ಹಾಕಿದ ಕಾಯಿ. ಏನೂ ಇಲ್ಲ. ಡಬ್ಬಿ ತಪ್ಪಿದ್ರಿ, ಇದ್ಯಾಕ ತಪ್ಪಲಿಲ್ಲ?”

ಗದಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಮೂಗು ಸತ್ತ ಹೋಗೇತ್ರಿ ಅಕ್ಕೋರ. ಮೊಮ್ಮಗಳ ನೆತ್ತಿ ವಾಸನಿ ಹೆಂಗಿರತೈತಿ ಅಂತ ನನಗ ಇನ್ನೂ ಗೊತ್ತಿಲ್ಲ.” ಎದ್ದು ಹೋಗಿ ಅಡುಗೆಮನೆಯಿಂದ ಎರಡು ಮೆಣಸಿನಕಾಯಿ ತಂದಳು. ಒಂದನ್ನು ಅಕ್ಕೋರ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಬೀಜ ಗಲಗಲ ಅಂದವು. ಇನ್ನೊಂದು ಮೂಕ.

“ಮಾತಾಡಿದ್ದು ಚಲೋದು. ಸುಮ್ಮನಿದ್ದದ್ದು ಕೆಟ್ಟದ್ದು. ಮೂಗಿಗೆ ಹಿಡದಂಗ ಮಾಡಿ ಕಿವಿಗೆ ಹಿಡೀತಿದ್ದೆ.”

ಅಕ್ಕೋರು ಮೂಕ ಕಾಯಿಯನ್ನು ಸೀಳಿದರು. ಪಸೆಗೆ ಬೀಜ ಸಿಪ್ಪೆಗೆ ಅಂಟಿದ್ದವು, ನಡುವೆ ಜೇಡನ ಬಲೆಯಂಥ ಬಿಳಿ ಎಳೆ. “ಇದ ನೋಡ್ರಿ ಬೂಸಲಿನ ಬೇರು ಇದ್ದಂಗ. ಬೀಜಾನ ಕಟ್ಟಿ ಹಾಕೇದ. ನಾನು ಎಂಟು ದಿನ ತಟ್ಟ್ಯಾಗ ಬೆಳಸಿ ನೋಡೂದನ್ನ ನೀವು ಒಂದು ಕ್ಷಣದಾಗ ಹೇಳ್ತೀರಿ.”

ಗದಿಗೆವ್ವ ತಟ್ಟೆಯ ಹಸಿರು ಮಖಮಲ್ಲನ್ನು ನೋಡಿದಳು. “ಛಂದ ಐತಲ್ರಿ ಈ ಹಾಳಾದ್ದು.”

“ಇದರ ದೂರದ ಬಳಗದ ಒಂದು ಬೂಸಲಿನಿಂದ್ಲೇ ಪೆನ್ಸಿಲಿನ್ ಸೂಜಿ ಬಂತು.”

ಪುಷ್ಪಲತಾ ಮೂರು ವರ್ಷದವಳಿದ್ದಾಗ ಎದೆಗೆ ಕಫ ಕಟ್ಟಿ, ಹಾವೇರಿಯ ಡಾಕ್ಟರು ಅದೇ ಸೂಜಿ ಚುಚ್ಚಿದ್ದರು. ಆ ಹೆಸರನ್ನು ಗದಿಗೆವ್ವ ಮರೆತಿರಲಿಲ್ಲ. ತಟ್ಟೆಯ ಮುಚ್ಚಳವನ್ನು ಕೂಸಿನ ಕೆನ್ನೆ ಮುಟ್ಟಿದಂತೆ ಒಂದು ಬೆರಳಿನಿಂದ ಮುಟ್ಟಿದಳು.

ಆ ಮಧ್ಯಾಹ್ನ ಇಬ್ಬರೂ ಅಂಗಡಿಗೆ ಹೋದರು. ಅಕ್ಕೋರು ಎರಡು ತಟ್ಟೆ ತೋರಿಸಿ ಎಲ್ಲ ಹೇಳಿದರು, ಮೂಗಿನ ಸುದ್ದಿಯನ್ನೂ ಬಿಡಲಿಲ್ಲ. ಗದಿಗೆವ್ವ ನೀರು ಕಾಣದ ಒಣ ಕಾಯಿ ಅಲ್ಲಾಡಿಸಿದಳು, ಗಲಗಲ. ಮೊನ್ನೆ ನೀರು ಚಿಮುಕಿಸಿ ಹೊಲಿದ ಚೀಲ ಬಿಚ್ಚಿಸಿ ಒಂದು ಹಿಡಿ ತೆಗೆದಳು. ಒಂದರದೂ ಸದ್ದಿಲ್ಲ.

“ಕಾಯಿ ಬಾಯಿ ಕಟ್ಟಿದ್ದು ನಿಮ್ಮ ಕೊಡದ ನೀರು, ಸಾವ್ಕಾರ್ರ. ವರ್ಷಗಟ್ಲೆ ಹೇಳಾಕತ್ತೇನಿ.”

ಫಕ್ಕೀರಪ್ಪ ಸಾವ್ಕಾರರು ಒಂದು ಗಳಿಗೆ ಕೆಂಪಾದರು. ಆಮೇಲೆ ಕೊಡವನ್ನು ತಾವೇ ಎತ್ತಿ ನೆಲಕ್ಕಿಟ್ಟು, ಕುರ್ಚಿಯನ್ನು ಟವೆಲಿನಿಂದ ಒರೆಸಿದರು. ಗದಿಗೆವ್ವ ಕೂತು ಹೊಸ ಚೀಲದ ಕಾಯಿ ಕಿವಿಗೆ ಹಿಡಿಯುವಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತು ದಾರಿಹೋಕರನ್ನು ಕರೆಯತೊಡಗಿದ್ದರು.

“ಬರ್ರಿ, ನೋಡಬರ್ರಿ! ಮೂಗಿಂದೇನ ಹಚ್ಚೀರಿ, ಆಕಿ ಕಿವಿ ನೋಡ್ರಿ! ಗಳಗನಾಥದ ಹೊಳ್ಯಾಗ ಮೀನ ಆಕಳಿಸಿದ್ರ ಇಲ್ಲಿ ಕುಂತು ಯಾವ ಮೀನ ಅಂತ ಹೇಳತಾಳ! ನನಗ ಮೊದಲ ಗೊತ್ತಿತ್ತು...”

“ಸಾವ್ಕಾರ್ರ,” ಅಂದಳು ಗದಿಗೆವ್ವ, ಕಾಯಿಯನ್ನು ಕಿವಿಯಿಂದ ತೆಗೆಯದೆ, “ಮದ್ಲ ಸ್ವಲ್ಪ ಬಾಯಿ ಮುಚ್ರಿ. ಮೆಣಸಿನಕಾಯಿ ಏನಂತೈತಿ ಕೇಳಸವಲ್ದು.”