ಮಂಗಳವಾರ ರೊಟ್ಟಿಯವಳನ್ನು ಕರೆಯಲು ಹೋದದ್ದು

ರಾಯಚೂರಿನಲ್ಲಿ ನನ್ನದೊಂದು ರೊಟ್ಟಿ ಅಂಗಡಿ. ಬಿಸಿ ರೊಟ್ಟಿ, ಖಡಕ್ ರೊಟ್ಟಿ ಎರಡೂ ಮಾಡುತ್ತೇವೆ. ಅಂಗಡಿ ನನ್ನದಾದರೂ ರೊಟ್ಟಿ ಕೆಲಸದ ಹೆಂಗಸರದು. ಈ ವಯಸ್ಸಿನಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಬಡಿಯಲು ನನ್ನ ಕೈಯಿಂದ ಆಗುವುದಿಲ್ಲ. ಬಡಿಯುವವರು ಹೋದರೆ ಉಳಿಯುವುದು ಬರೀ ಒಲೆ.

ದೇವದುರ್ಗದ ಕಡೆಯ ಗೂಗಲ್ ಊರಿನವಳೊಬ್ಬಳನ್ನು ರಾಯಚೂರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ, ನನ್ನ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ಬಡಿದ ರೊಟ್ಟಿ ತೆಳ್ಳಗೆ, ಚಂದ್ರನ ಹಾಗೆ ದುಂಡಗೆ. ಅವಳ ಜೋಡಿ ಮಾನ್ವಿಯವಳು, ಹಂಚಿನ ಮುಂದೆ ಕೂತು ಬೇಯಿಸುತ್ತಾಳೆ. ಒಬ್ಬಳು ಬಡಿಯಬೇಕು, ಇನ್ನೊಬ್ಬಳು ಬೇಯಿಸಬೇಕು, ನಮ್ಮಲ್ಲಿ ಕೆಲಸ ಹಾಗೆಯೇ. ಬಡಿದ ರೊಟ್ಟಿ ಹಂಚಿಗಾಗಿ ಕಾಯಬಾರದು, ಕಾದರೆ ಅಂಚು ಬಿರಿಯುತ್ತದೆ.

ಈ ವರ್ಷ ಹೊಸ ಹೆಂಗಸರನ್ನು ಸೇರಿಸಿಕೊಂಡೆ. ಅವರಿಗೆ ಕಲಿಸಲಿ ಎಂದು ಆ ಜೋಡಿಯನ್ನು ಒಡೆದು ಎರಡು ಒಲೆಗೆ ಕೂರಿಸಿದೆ. ಅಷ್ಟರಲ್ಲಿ ನಾಗರ ಪಂಚಮಿ ಬಂತು. ಹೆಂಗಸರೆಲ್ಲ ತವರಿಗೆ ಹೋದರು, ಉಂಡಿ ತಿಂದರು, ಜೋಕಾಲಿ ಆಡಿದರು, ತಿರುಗಿ ಬಂದರು. ಗೂಗಲ್‌ನವಳು ಮಾತ್ರ ಬರಲಿಲ್ಲ.

ಫೋನು ಹಚ್ಚಿದೆ. "ಬರ್ತೀನಿ ತಗೋರಿ" ಎಂದಳು. ಬರಲಿಲ್ಲ. ಮತ್ತೆ ಹಚ್ಚಿದರೆ ಎತ್ತಲೇ ಇಲ್ಲ.

"ಬಸ್ ಸ್ಟ್ಯಾಂಡ್ ಕಡೆ ಹೊಸ ಖಾನಾವಳಿ ತೆಗ್ಯಾಕತ್ತಾರಲ್ಲ, ಅವರು ಆಕಿನ್ನ ಕರದಾರ್ರೀ" ಎಂದಳು ಮಾನ್ವಿಯವಳು.

"ನಿನ್ನನ್ನ?"

"ಆಕಿ ಹೋದ್ರ ನನ್ನೂ ಕರೀತಾರ."

ಮುಚ್ಚುಮರೆ ಇಲ್ಲದೆ ಹೇಳಿದಳು, ಒಳ್ಳೆಯದೇ ಆಯಿತು. ಒಬ್ಬಳು ಹೋದರೆ ಇಬ್ಬರೂ ಹೋದ ಹಾಗೆ. ಅವರಿಬ್ಬರೂ ಹೋದರೆ ಅಂಗಡಿಯ ಬಾಗಿಲು ಹಾಕಬೇಕು. ಬಾಗಿಲು ಹಾಕಲು ನಾನು ತಯಾರಿರಲಿಲ್ಲ. ಮರುದಿನವೇ ಆಧಾರ್ ಕಾರ್ಡು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು ದೇವದುರ್ಗದ ಬಸ್ಸು ಹತ್ತಿದೆ, ಅಲ್ಲಿಂದ ಗೂಗಲ್ ಬಸ್ಸು. ವಾರ ಯಾವುದೆಂದು ನೋಡಲಿಲ್ಲ.

ಅವಳ ತವರಿನ ಮುಂದೆ ಬಿಳಿ ಕಾರು ನಿಂತಿತ್ತು. ಖಾನಾವಳಿಯವನು ನನಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಅವಳ ತಾಯಿ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿ ನಕ್ಕು, ಮಗಳ ಅತ್ತೆಯೇ ಬಂದ ಹಾಗೆ ಚೇಷ್ಟೆ ಮಾಡಿದಳು.

"ಬರ್ರಿ ಬೀಗತಿ, ಬರ್ರಿ. ಸೊಸಿನ್ನ ಕರಿಯಾಕ ಬಂದ್ರೇನು? ಇವತ್ತು ನಮ್ಮ ಹುಡುಗಿಗಿ ಭಾರಿ ಗಿರಾಕಿ!"

"ಗಿರಾಕಿ ಅಲ್ಲವ್ವ, ಕೆಲಸ ಐತಿ. ಕಳಸು."

"ಇವತ್ತು ಮಂಗಳವಾರ. ಮಂಗಳವಾರ ಹೆಣ್ಣುಮಗಳ್ನ ತವರಿನಿಂದ ಕಳಸ್ತಾರೇನ್ರೀ? ವಯಸ್ಸಾದವ್ರು ನೀವು, ನಿಮಗ ಗೊತ್ತಿಲ್ಲ?"

ಗೊತ್ತಿತ್ತು. ಮಂಗಳವಾರ, ಶುಕ್ರವಾರ ನಮ್ಮ ಕಡೆ ಯಾರೂ ಮಗಳನ್ನು ಕಳಿಸುವುದಿಲ್ಲ. ಗಾಬರಿಯಲ್ಲಿ ಮರೆತಿದ್ದೆ. ಖಾನಾವಳಿಯವನು ಎದ್ದು ನಿಂತ.

"ಹಂಗಾದ್ರ ನಾಳಿ ಕಾರು ಕಳಸ್ತೀನಿ ತಾಯಿ, ಬುಧವಾರ ಚಲೋ ಅದ" ಎಂದು ಹೊರಟ. ನನ್ನ ಕಡೆ ತಿರುಗಿ, "ಬರ್ರಿ ಅಮ್ಮಾ, ನಿಮ್ಮನ್ನೂ ರಾಯಚೂರಿಗಿ ಬಿಡ್ತೀನಿ" ಎಂದ.

"ನೀ ನಡಿಯಪ್ಪ. ನಾ ಇವತ್ತು ಇಲ್ಲೇ ಇರ್ತೀನಿ."

ತಾಯಿ ಕಣ್ಣು ಅರಳಿಸಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಮಗಳು ಒಳಗಿನಿಂದ ಬಂದು ನೀರು ಕೊಟ್ಟು ಹಾಗೇ ತಿರುಗಿ ಹೋದಳು. ನಾನೂ ಕೆದಕಲಿಲ್ಲ. ಮನೆಗೆ ಬಂದವರಿಗೆ ಉಣ್ಣಲು ಇಡಲೇಬೇಕು. ಉಣ್ಣಬೇಕಾದರೆ ರೊಟ್ಟಿ ಆಗಬೇಕು. ಆಗ ಅವಳು ಒಲೆಯ ಮುಂದೆ ಸಿಗುತ್ತಾಳೆ, ಅಲ್ಲಿಯ ತನಕ ಕಾದರೆ ಸಾಕು.

ಬಿಸಿಲು ಇಳಿಯುವ ಹೊತ್ತಿಗೆ ಒಲೆ ಹಚ್ಚಿ ಬಡಿಯಲು ಕೂತಳು. ನಾನು ಹೋಗಿ ಹಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ನೀವ್ಯಾಕ್ರೀ ಯವ್ವಾ?"

"ಪುಕ್ಕಟೆ ಕೂಳು ನನಗ ಇಳೀವಲ್ದು. ಬಡಿ."

ಮೊದಲ ರೊಟ್ಟಿ ಬೆಂದಿತು. ಎರಡನೆಯದನ್ನು ನಾನು ತಿರುವುವಷ್ಟರಲ್ಲಿ ಅವಳ ಮುಂದಿನದು ಸಿದ್ಧ. ರೊಟ್ಟಿಗೆ ನೀರು ಸವರುವ ಒದ್ದೆ ಬಟ್ಟೆ ಎಲ್ಲೋ ಬಿತ್ತು, ಬೆರಳು ಸುಟ್ಟಿತು. ಅವಳ ಕೈಯಲ್ಲಿದ್ದ ರೊಟ್ಟಿ ಕಾದು ಕಾದು ಅಂಚು ಬಿರಿಯಿತು. ಅವಳು ಅದನ್ನು ನನ್ನ ಮುಖದ ಮುಂದೆ ಹಿಡಿದಳು.

"ನೋಡ್ರಿ. ಇಷ್ಟು ವರ್ಷ ರೊಟ್ಟಿ ಮಾಡಿದ ನಿಮಗೇ ನನ್ನ ಜೋಡಿ ಆಗವಲ್ದು. ಆ ಹೊಸಾಕಿ ಕೂಡ ನಾ ಹೆಂಗ ಮಾಡಲಿ? ಆಕಿ ಸುಡ್ತಾಳ, ಗಿರಾಕಿ ನನಗ ಬೈತಾರ."

"ಬಾಯಿ ಇರಲಿಲ್ಲೇನ್ ಬೇ? ಅಂಗಡ್ಯಾಗ ಹೇಳಬೇಕಿತ್ತು."

"ಹೇಳಿದ್ದೆ. ಬಾಯಿ ಮುಚ್ಕೊಂಡು ಬಡಿ ಅಂದ್ರಿ."

ತಾಯಿ ಬಾಗಿಲಲ್ಲಿ ಕೂತು ನಗಲು ಶುರು ಮಾಡಿದಳು. ಅಂದಿದ್ದರೂ ಅಂದಿರಬೇಕು. ನಾನು ದಿನಕ್ಕೆ ಎಷ್ಟೋ ಮಂದಿಗೆ ಹಾಗೆ ಅನ್ನುತ್ತೇನೆ.

"ಕೇಳು" ಎಂದೆ. "ಆ ಕಾರಿನವನಷ್ಟು ಪಗಾರ ನನ್ನ ಕೈಲಿ ಆಗಂಗಿಲ್ಲ. ಸುಳ್ಳು ಹೇಳಂಗಿಲ್ಲ. ಒಂದಿಷ್ಟು ಏರಸ್ತೀನಿ. ನಿನ್ನ ಜೋಡಿ ನಿನಗ ಕೊಡ್ತೀನಿ. ಆದ್ರ ಹೊಸಬರಿಗೆ ನೀನೇ ಕಲಿಸಬೇಕು. ಕಲಿಸಲಿಲ್ಲ ಅಂದ್ರ ನೀ ಬಂದೂ ನನಗ ಉಪಯೋಗಿಲ್ಲ."

ಅವಳು ಇನ್ನೊಂದು ಉಂಡೆ ಎತ್ತಿಕೊಂಡು ಹಿಟ್ಟು ಹಚ್ಚಿದಳು.

"ಕಲಿಸ್ತೀನಿ. ಗಿರಾಕಿ ಎಲ್ಲಾ ಉಂಡು ಹೋದ ಮ್ಯಾಲ. ನಾವು ಉಣ್ಣೋ ರೊಟ್ಟಿ ಅವರು ಮಾಡಲಿ. ಸುಟ್ರ ನಾವೇ ತಿಂತೀವಿ."

"ನಾನೂ ತಿನ್ನಬೇಕು?"

"ನೀವೇ ಮೊದಲು ತಿನ್ನಬೇಕು. ಹಲ್ಲಿಲ್ಲ ಅಂತ ಬಿಡಂಗಿಲ್ಲ."

ಆಗಲಿ ಎಂದೆ. ಇಷ್ಟು ವರ್ಷದಲ್ಲಿ ಅದು ನನಗೆ ಹೊಳೆದಿರಲಿಲ್ಲ. ಕಲಿಯುವವರ ರೊಟ್ಟಿಯನ್ನು ಗಿರಾಕಿಯ ತಟ್ಟೆಗೆ ಹಾಕಿದರೆ ಗಿರಾಕಿ ಹೋಗುತ್ತಾನೆ, ಬೈಗುಳ ತಿಂದ ಕೆಲಸದವಳೂ ಹೋಗುತ್ತಾಳೆ.

ಬುಧವಾರ ಬೆಳಗಿನ ಬಸ್ಸಿಗೇ ಹೊರಟೆವು. ತಾಯಿ ಶೇಂಗಾ ಉಂಡಿ ಕಟ್ಟಿಕೊಟ್ಟು, "ಬರೋ ಪಂಚಮಿಗಿ ಫೋನ್ ಮಾಡಬ್ಯಾಡ್ರಿ, ಬಂದು ಕರ್ಕೊಂಡು ಹೋಗ್ರಿ. ಮಂಗಳವಾರ ಮಾತ್ರ ಬರಬ್ಯಾಡ್ರಿ" ಎಂದಳು.

ದೇವದುರ್ಗ ದಾಟಿದ ಮೇಲೆ ಮಗಳ ಫೋನು ಬಡಿದುಕೊಂಡಿತು. ಅವಳು ಕಿವಿಗೆ ಹಿಡಿದು, "ಕಾರು ಕಳಸಬ್ಯಾಡ್ರೀ ಅಣ್ಣಾರ. ಕರಿಯಾಕ ಬಂದಿದ್ರು, ಹೊಂಟೀನಿ" ಎಂದಷ್ಟೇ ಹೇಳಿ ಇಟ್ಟಳು.

ಅಂಗಡಿ ಮುಟ್ಟಿದಾಗ ಊಟದ ಹೊತ್ತು. ಗಿರಾಕಿಗಳು ಬಾಗಿಲ ತನಕ ನಿಂತಿದ್ದರು. ಮಾನ್ವಿಯವಳು ಹಂಚಿನ ಮುಂದೆ ಇದ್ದಳು, ಎದುರಿಗೆ ಹೊಸಬಳು ದಪ್ಪ ದಪ್ಪ ಬಡಿಯುತ್ತಿದ್ದಳು. ಗೂಗಲ್‌ನವಳು ಚೀಲ ಮೂಲೆಗಿಟ್ಟು ಕೈ ತೊಳೆದಳು. ಮಾನ್ವಿಯವಳು ತಲೆ ಎತ್ತದೆ, "ಉಂಡಿ ತಂದೀ ಏನಲೇ?" ಎಂದಳು. ಹೊಸಬಳು ಎದ್ದು ಜಾಗ ಬಿಟ್ಟು ನನ್ನ ಮುಖ ನೋಡಿದಳು.

"ನನ್ನೇನ್ ನೋಡ್ತಿ? ಈಗ ಉಳ್ಳಾಗಡ್ಡಿ ಹೆಚ್ಚು. ಮಂದಿ ಉಂಡು ಹೋದ ಮ್ಯಾಲ ನನಗ ರೊಟ್ಟಿ ಮಾಡೋದು ನೀನೇ" ಎಂದೆ.