ಮದ್ದಿಲ್ಲದ ಪಟಾಕಿ

ನನ್ನ ಸೋದರತ್ತೆ ಗೌರಮ್ಮನ ಮೇಲೆ ಸುಳ್ಳು ಮೊಕದ್ದಮೆ ಹೂಡಿದವರು ನೀವು. ಅದು ಸುಳ್ಳೆಂದು ಅದೇ ದಿನ, ನಮ್ಮ ಹಿತ್ತಿಲಲ್ಲಿ ನಿಂತು, ಕಣ್ಣಾರೆ ಕಂಡವರೂ ನೀವೇ. ಕಂಡ ಮೇಲೂ ಬರೆದದ್ದನ್ನು ಹೊಡೆದುಹಾಕಲಿಲ್ಲ. ಜೀಪು ಹತ್ತಿ ಹೊರಟಿರಿ, ಅವಳನ್ನೂ ಹತ್ತಿಸಿಕೊಂಡು. ನಿಮ್ಮ ಹೆಸರನ್ನಾಗಲಿ ನಿಮ್ಮ ಇಲಾಖೆಯ ಹೆಸರನ್ನಾಗಲಿ ನಾನಿಲ್ಲಿ ಬರೆಯುತ್ತಿಲ್ಲ. ಓದುತ್ತಾ ಹೋದಂತೆ ಅದು ತಾವೇ ಎಂದು ನಿಮಗೆ ಗೊತ್ತಾಗುತ್ತದೆ. ಉಳಿದ ಓದುಗರಿಗೆ ಒಂದು ಮನೆಯ ಕತೆಯನ್ನಷ್ಟೇ ಹೇಳುತ್ತೇನೆ. ಅಂಥದೊಂದು ಮನೆಯನ್ನು ಅವರೂ ಎಲ್ಲೋ ಕಳೆದುಕೊಂಡಿರುತ್ತಾರೆ.

ಕಳೆದ ತಿಂಗಳು ಚಾಮರಾಜನಗರದ ಬಸ್ ನಿಲ್ದಾಣದ ಪಕ್ಕದ ಗೋಡೆಗೆ ಒಬ್ಬಾತ ಪೋಸ್ಟರ್ ಹಚ್ಚುತ್ತಿದ್ದ. ಅವನ ಬಕೆಟ್ಟಿನಲ್ಲಿ ಆಗತಾನೆ ಕುದಿಸಿ ಇಳಿಸಿದ ಮೈದಾ ಅಂಟು ಹಬೆಯಾಡುತ್ತಿತ್ತು. ಹಸಿಹಿಟ್ಟು ಬೆಂದು ಗಂಜಿಯಾಗುವಾಗಿನ ಆ ಮಂದವಾದ ವಾಸನೆ, ಅದರ ಬೆನ್ನಿಗೇ ಹುಳ ಹತ್ತದಿರಲೆಂದು ಹಾಕಿದ ಮೈಲುತುತ್ತದ ಕಹಿ ಕಮಟು. ಮೂಗಿಗೆ ಬಡಿದದ್ದೇ ತಡ, ನಾನು ಕಾಲು ಕೀಳಲಾಗದೆ ನಿಂತುಬಿಟ್ಟೆ. ಹತ್ತಬೇಕಿದ್ದ ಉಮ್ಮತ್ತೂರಿನ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಹರವೆ ಕಡೆಯ ನಮ್ಮೂರಿನ ಮನೆಯ ನಡುಮನೆಯಲ್ಲಿ, ಸೀಮೆಎಣ್ಣೆ ಸ್ಟವ್ವಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಮರದ ಸೌಟಿನಿಂದ ಅದೇ ಅಂಟನ್ನು ಗಂಟಾಗದಂತೆ ತಿರುವುತ್ತಿದ್ದ ಗೌರತ್ತೆ ಕಣ್ಣ ಮುಂದೆ ಬಂದಳು. ಅವಳ ಮೊಣಕೈವರೆಗೆ ಬಣ್ಣದ ಕಾಗದದ ಚೂರುಗಳು ಅಂಟಿಕೊಂಡಿರುತ್ತಿದ್ದವು. ಹಬ್ಬಕ್ಕೆ ಮೈತೊಳೆದು ಬಣ್ಣ ಹಚ್ಚಿದ ಎತ್ತಿನಂತೆ ಕಾಣುತ್ತೀಯ ಎಂದು ನನ್ನ ಅವ್ವ ಅವಳನ್ನು ಆಡಿಕೊಳ್ಳುತ್ತಿದ್ದಳು.

ಗಂಡ ತೀರಿಕೊಂಡ ಹೊಸತರಲ್ಲಿ ಅತ್ತೆ ಬಂಡೀಪುರದ ಕಾಡು ದಾಟಿ ಊಟಿಗೆ ಹೋಗಿ, ಅಲ್ಲಿನ ಒಂದು ವಸತಿಶಾಲೆಯ ಅಡುಗೆಮನೆಯಲ್ಲಿ ಕೆಲವು ವರ್ಷ ದುಡಿದಿದ್ದಳು. ಕ್ರಿಸ್ಮಸ್ಸಿನ ಊಟದ ಮೇಜಿನ ಮೇಲೆ ತಟ್ಟೆಗೊಂದರಂತೆ ಇಡುತ್ತಿದ್ದ ಕಾಗದದ ಕೊಳವೆಗಳನ್ನು ಅವಳು ಕಂಡದ್ದು ಅಲ್ಲಿ. ಇಬ್ಬರು ಒಂದೊಂದು ತುದಿ ಹಿಡಿದು ಎಳೆದರೆ ಟಪ್ಪೆಂದು ಸದ್ದಾಗಿ ಕೊಳವೆ ಮುರಿದು, ಒಳಗಿನಿಂದ ಪುಟ್ಟ ಉಡುಗೊರೆಗಳು ಉದುರುತ್ತಿದ್ದವಂತೆ; ದೊಡ್ಡ ಚೂರು ಯಾರ ಕೈಯಲ್ಲಿ ಉಳಿಯಿತೋ ಉದುರಿದ್ದೆಲ್ಲ ಅವರಿಗೆ. ಅದನ್ನವಳು ಊರಿಗೆ ತಂದು ನಮ್ಮದನ್ನಾಗಿ ಮಾಡಿಬಿಟ್ಟಳು. ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಲಟ್ಟಣಿಗೆಗೆ ಸುತ್ತಿ, ಅಂಟು ಬಳಿದು, ಒಣಗಿದ ಮೇಲೆ ಜಾರಿಸಿ ತೆಗೆದರೆ ಕೊಳವೆ. ನಡುವೆ ಸುತ್ತಲೂ ಬ್ಲೇಡಿನಿಂದ ಹಗುರಾಗಿ ಗೀರಬೇಕು. ಗೀರು ಆಳವಾದರೆ ಕೊಟ್ಟ ಕೈಯಲ್ಲೇ ಮುರಿಯುತ್ತದೆ, ತೀರಾ ಮೇಲುಮೇಲಾದರೆ ಎಷ್ಟು ಜಗ್ಗಿದರೂ ಬಿಡುವುದಿಲ್ಲ. ಒಳಗೆ ಏನು ತುಂಬುತ್ತಾಳೆಂಬುದನ್ನು ಮಾತ್ರ ನಮಗೆ ತೋರಿಸುತ್ತಿರಲಿಲ್ಲ, ಸೆರಗು ಮರೆಮಾಡಿಕೊಳ್ಳುತ್ತಿದ್ದಳು. ತುತ್ತೂರಿಯ ಪೀಪಿ, ಗೋಲಿ, ಗುಲಗಂಜಿ, ಗಾಜಿನ ಬಳೆಚೂರು, ರಿಬ್ಬನ್ನಿನ ತುಂಡು, ಒಣಗಿಸಿದ ಚೆಂಡುಹೂವಿನ ಎಸಳು, ಕಡಲೆಮಿಠಾಯಿ, ಒಂದು ಮಾತು ಬರೆದ ಚೀಟಿ. ಮೇಲೆ ಗಾಳಿಪಟದ ಕಾಗದ ಸುತ್ತಿ, ಪೆಪ್ಪರ್‌ಮಿಂಟಿನಂತೆ ಎರಡೂ ತುದಿಗಳನ್ನು ದಾರದಿಂದ ಬಿಗಿದರೆ ಮುಗಿಯಿತು. ಊಟಿಯ ಕೊಳವೆಯೊಳಗೆ ಸದ್ದು ಮಾಡುವ ಪಟ್ಟಿಯೊಂದು ಇರುತ್ತಿತ್ತಂತೆ, ಅದು ನಮ್ಮಲ್ಲಿ ಎಲ್ಲಿ ಸಿಗಬೇಕು? “ಮದ್ದಿಲ್ದಿರೋ ಪಟಾಕಿ ಕಣಮ್ಮಿ ಇದು,” ಎನ್ನುತ್ತಿದ್ದಳು ಅತ್ತೆ. “ದೇವ್ರು ಬಾಯ್ ಕೊಟ್ಟವ್ನಲ್ಲ, ನೀವೇ ಕೂಗ್ಕಳಿ.” ಹಾಗೆ ಇಬ್ಬರು ಎಳೆಯುವಾಗ ಮನೆಮಂದಿಯೆಲ್ಲ ಒಟ್ಟಿಗೆ ‘ಢಂ’ ಎಂದು ಅರಚುವುದು ನಮ್ಮ ಮನೆಯ ಶಾಸ್ತ್ರವಾಯಿತು.

ಒಮ್ಮೆ ನನ್ನ ತಾತನಿಗೂ ಅವನ ತಮ್ಮ ಚಿಕ್ಕತಾತನಿಗೂ ಹೊಲದ ಬದುವಿನ ವಿಷಯಕ್ಕೆ ಮಾತು ನಿಂತುಹೋಗಿತ್ತು. ಒಂದೇ ನಡುಮನೆಯಲ್ಲಿ ಎರಡು ಕಂಬಗಳಿಗೆ ಒರಗಿ, ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂರುತ್ತಿದ್ದರು. ನಶ್ಯದ ಡಬ್ಬಿ ಬೇಕಾದರೂ ನನ್ನ ಮೂಲಕವೇ ಕೇಳಬೇಕು. ನನ್ನ ಹುಟ್ಟುಹಬ್ಬದ ಸಂಜೆ ಅತ್ತೆ ಇಬ್ಬರ ನಡುವೆ ಬಂದು, ಕೆಂಪು ಕಾಗದದ ಒಂದು ಪಟಾಕಿಯನ್ನು ಚಾಚಿದಳು. “ಇಬ್ರೂ ಒಂದೊಂದ್ ತುದಿ ಇಡ್ಕಳಿ.”

“ನಾ ಇಡಿಯಕಿಲ್ಲ,” ಎಂದ ತಾತ.

ಚಿಕ್ಕತಾತ ಸೂರಿನ ಕಡೆ ನೋಡುತ್ತಾ, “ಎದ್ರುಕತಾನೆ ಬುಡಮ್ಮಿ ಗೌರಿ. ಯಾವತ್ತೂ ಸೋಲೋನೇ ಅಲ್ವಾ,” ಎಂದ.

“ಯಾರ್ಲಾ ಸೋಲೋನು? ತತ್ತಾ ಇತ್ಲಾಗೆ!”

ಎಳೆದರು. ನಾವೆಲ್ಲ ಅರಚಿದೆವು. ದೊಡ್ಡ ಚೂರು ಚಿಕ್ಕತಾತನ ಕೈಯಲ್ಲಿ ಉಳಿಯಿತು. ಅವನ ಮಡಿಲಿಗೆ ಎರಡು ಗೋಲಿಗಳೂ ಒಂದು ಚೀಟಿಯೂ ಬಿದ್ದವು. ಅವನಿಗೆ ಓದು ಬಾರದು, ಚೀಟಿಯನ್ನು ನನಗೆ ಕೊಟ್ಟ. ‘ಗೆದ್ದವರು ಸೋತವರ ಕಾಲು ಒತ್ತಬೇಕು’ ಎಂದು ನಾನು ಓದಿದೆ.

“ಇದ್ ಮೋಸ ಕಣಮ್ಮಿ! ಗೆದ್ರೂ ಕಾಲೊತ್ತದಾ?” ಎಂದು ಚಿಕ್ಕತಾತ ಕೂಗಿಕೊಂಡ. ತಾತ ಆಗಲೇ ಕಾಲು ಚಾಚಿಯಾಗಿತ್ತು. “ಒತ್ಲಾ, ಒತ್ತು. ಮಂಡಿ ತಾವ ವಸಿ ಜೋರಾಗೊತ್ತು.” ಅವ್ವ ನಕ್ಕು ನಕ್ಕು ಅಡುಗೆಮನೆಯ ಬಾಗಿಲನ್ನು ಹಿಡಿದುಕೊಂಡಳು. ಬದುವಿನ ಜಗಳ ಅಂದೇ ತೀರಿತೆಂದು ನಾನು ಹೇಳುವುದಿಲ್ಲ. ನಶ್ಯದ ಡಬ್ಬಿ ಮಾತ್ರ ಅಂದಿನಿಂದ ನೇರವಾಗಿ ಕೈಯಿಂದ ಕೈಗೆ ದಾಟಿತು.

ಊರಿನ ಮಕ್ಕಳೆಲ್ಲ ಅದನ್ನು ‘ಗೌರತ್ತೆ ಪಟಾಕಿ’ ಎಂದೇ ಕರೆದರು. ಯಾರ ಮನೆಯಲ್ಲಿ ಮಗುವಿಗೆ ವರ್ಷ ತುಂಬಿದರೂ ಬಂದು ಕೇಳುತ್ತಿದ್ದರು, ಗುಂಡ್ಲುಪೇಟೆಯ ನೆಂಟರೂ ಹೇಳಿಕಳುಹಿಸುತ್ತಿದ್ದರು. ಅತ್ತೆಗೆ ಆಗ ಊರ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸವಿತ್ತು. ಅದೇ ಅವಳ ಅನ್ನ, ಅವಳ ಹೆಮ್ಮೆ ಕೂಡ. ಉಳಿದ ಹೊತ್ತಿನಲ್ಲಿ ಕೊಳವೆ ಸುತ್ತುತ್ತಿದ್ದಳು. ಒಂದು ವರ್ಷ, ಕೇಳಿ ಬರುವವರಿಗೆ ಮನೆ ಗುರುತು ಸಿಗಲೆಂದು, ನನ್ನ ಹಳೆಯ ಸ್ಲೇಟಿನ ಮೇಲೆ ಬಳಪದಲ್ಲಿ ‘ಮನೇಲಿ ಮಾಡಿದ ಪಟಾಕಿ ಸಿಗುತ್ತದೆ’ ಎಂದು ದುಂಡಗೆ ಬರೆದು ಜಗುಲಿಯ ಕಂಬಕ್ಕೆ ತೂಗುಹಾಕಿದಳು. ದೀಪಾವಳಿ ಹತ್ತಿರವಿತ್ತು. ಪರವಾನಗಿಯಿಲ್ಲದೆ ಪಟಾಕಿ ಮಾರುವವರನ್ನು ಹಿಡಿಯಲೆಂದು ನೀವು ಊರೂರು ಸುತ್ತುತ್ತಿದ್ದಿರಿ. ಸುತ್ತಬೇಕಾದದ್ದೇ. ಆ ಕೆಲಸವನ್ನು ನಾನು ತಪ್ಪೆನ್ನುವುದಿಲ್ಲ.

ಜೀಪು ನಿಂತಾಗ ಅತ್ತೆ ಸಂತೋಷದಿಂದಲೇ ಹೊರಬಂದಳು. “ಪಟಾಕಿ ಮಾಡೋಳು ನೀನೇನಾ?” ಎಂದು ನಿಮ್ಮ ಸಾಹೇಬರು ಕೇಳಿದರು.

“ಊಂ ಬುದ್ಧಿ, ನಾನೇಯ. ಎಷ್ಟ್ ಬೇಕಿತ್ತು? ಯಾರ್ ಉಟ್ದಬ್ಬ?”

“ಲೈಸೆನ್ಸ್ ಎಲ್ಲಿ?”

“ಲೈಸನ್ಸು ಯಾಕ್ ಬುದ್ಧಿ? ಇದೇನ್ ಬಸ್ಸಾ, ಓಡ್ಸಕೆ?”

ಬೀದಿಯಲ್ಲಿ ಸೇರಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಸಾಹೇಬರ ಮುಖ ಬಿಗಿಯಿತು. ಆ ನಗೆಯೇ ನಮ್ಮ ಮನೆಗೆ ಮುಳುವಾಯಿತೇ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಅವರು ದನಿ ಏರಿಸಿ, “ಮದ್ದು ಎಲ್ಲಿಟ್ಟಿದ್ದೀಯ, ಹೇಳು!” ಎಂದರು.

“ಮದ್ದಾ? ಒಳಗದೆ ಬುದ್ಧಿ. ಅಪ್ಪನ್ ತಲೆದಿಂಬ್ನ್ ತಾವ ಮಡಗಿವ್ನಿ. ಈಗ್ಲೇ ತತ್ತೀನಿ,” ಎಂದು ಅತ್ತೆ ಒಳಗೆ ಓಡಿದಳು.

ತಾತನಿಗೆ ಆ ವರ್ಷ ಕೆಮ್ಮು. ಅತ್ತೆ ತಂದು ತೋರಿಸಿದ್ದು ಕಂದು ಬಣ್ಣದ ಔಷಧಿ ಸೀಸೆ. ರೋಗಿಗೆ ಕುಡಿಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಕನ್ನಡದಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅವಳು ಸೀಸೆ ಹಿಡಿದು ಹೊಸ್ತಿಲು ದಾಟುವಷ್ಟರಲ್ಲಿ ಪೆನ್ನು ಓಡಿ ಮುಗಿದಿತ್ತು: ಮನೆಯ ಒಳಭಾಗದಲ್ಲಿ ಮದ್ದು ಇರಿಸಿಕೊಂಡಿರುವುದಾಗಿ ಆರೋಪಿಯು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾಳೆ.

ಆಮೇಲೆ ನೀವು ಒಳಗಿದ್ದ ಕೊಳವೆಗಳನ್ನೆಲ್ಲ ಮಂಕರಿಯಲ್ಲಿ ಹೊತ್ತು ಹಿತ್ತಿಲಿಗೆ ತಂದು, ದನಗಳು ನೀರು ಕುಡಿಯುವ ಕಲ್ಲುಬಾನಿಗೆ ಸುರಿದಿರಿ. ಸಿಡಿಯುವ ವಸ್ತುವನ್ನು ನೀರಿನಲ್ಲಿ ನೆನೆಸುವುದು ಕ್ರಮವಂತೆ. ಗಾಳಿಪಟದ ಕಾಗದ ಬಣ್ಣ ಬಿಟ್ಟು ನೀರು ಮೊದಲು ಕೆಂಪಾಯಿತು, ಆಮೇಲೆ ನೇರಳೆ, ಕೊನೆಗೆ ಯಾವ ಬಣ್ಣವೂ ಅಲ್ಲದ ಕೊಳೆ. ರಟ್ಟು ಬಿಚ್ಚಿಕೊಂಡು ಒಳಗಿನದೆಲ್ಲ ಮೇಲೆ ಬಂತು. ಚೆಂಡುಹೂವಿನ ಎಸಳುಗಳು ತೇಲಿದವು, ರಿಬ್ಬನ್ನುಗಳು ತೇಲಿದವು, ಚೀಟಿಗಳ ಅಕ್ಷರ ಕದಡಿತು. ನಿಮ್ಮಲ್ಲೇ ಎಳೆಯವನಾದ ಪೇದೆಯೊಬ್ಬ ಬಗ್ಗಿ ಒಂದನ್ನೆತ್ತಿ, “ಸಾರ್, ಇದು ಪೀಪಿ ಸಾರ್,” ಎಂದ. ಸಾಹೇಬರು ಬಾನಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಅವರಿಗೆ ಅರ್ಥವಾಯಿತು. ನಾನು ಚಿಕ್ಕವಳಿದ್ದೆ, ಆದರೂ ಅವರಿಗೆ ಅರ್ಥವಾದದ್ದು ನನಗೆ ಕಂಡಿತು. ಆಮೇಲೆ ಅವರು ಆ ಪೇದೆಗೆ ಹೇಳಿದ್ದಿಷ್ಟೇ: “ಬಾಯ್ ಮುಚ್ಕೊಂಡಿರು. ಬರೆದಾಗಿದೆ.”

ಬರೆದಾಗಿದೆ. ಮುಂದಿನ ನನ್ನ ಓದೆಲ್ಲ, ವಿಶ್ವವಿದ್ಯಾಲಯದಲ್ಲಿ ಕಲಿತ ಕಾನೂನು, ಇತಿಹಾಸ, ಭಾಷಾಶಾಸ್ತ್ರವೆಲ್ಲ, ಆ ಒಂದು ಪದಕ್ಕೆ ಎದುರುತ್ತರ ಹುಡುಕಿದ್ದಷ್ಟೇ. ಜೀಪಿನಲ್ಲಿ ಕರೆದೊಯ್ದ ಅತ್ತೆಯನ್ನು ಸಂಜೆಗೆ ಮನೆಗೆ ಕಳುಹಿಸಿದಿರಿ, ಮೊಕದ್ದಮೆಯನ್ನು ಉಳಿಸಿಕೊಂಡಿರಿ. ಆ ವಾರವೇ ಶಾಲೆಯಿಂದ ಹೇಳಿಕಳುಹಿಸಿದರು: “ಕೇಸು ಮುಗೀಲಿ ಗೌರಮ್ಮ, ಆಮೇಲ್ ನೋಡೋಣ.” ಮಕ್ಕಳಿಗೆ ಅಷ್ಟು ವರ್ಷ ಅನ್ನ ಬಡಿಸಿದ ಕೈ ಒಂದೇ ವಾರದಲ್ಲಿ ಅಪಾಯಕಾರಿ ಕೈಯಾಯಿತು. ಬೀದಿಯಲ್ಲಿ ನಡೆದರೆ ‘ಬಾಂಬ್ ಗೌರಮ್ಮ’ ಎನ್ನುವ ಪಿಸುಮಾತು. ಅವಳ ಪಟಾಕಿ ಎಳೆದು ಬೆಳೆದ ಹುಡುಗರೇ ಹಾಗೆ ಅಂದದ್ದು. ಕೋರ್ಟಿಗೆ ಹೋದಾಗಲೆಲ್ಲ, ಮಾದರಿಯನ್ನು ಪರೀಕ್ಷೆಗೆ ಕಳುಹಿಸಲಾಗಿದೆ, ವರದಿ ಬರಬೇಕಿದೆ ಎಂಬ ಉತ್ತರ. ಯಾವ ಮಾದರಿ? ಕಡಲೆಮಿಠಾಯಿಯೇ, ಬಳೆಚೂರೇ?

ಮುಂದಿನ ವರ್ಷ ನನ್ನ ಹುಟ್ಟುಹಬ್ಬಕ್ಕೆ ನಾನು ಕೇಳಿದಾಗ ಅತ್ತೆ ಬಾಗಿಲ ಕಡೆ ನೋಡಿ, “ಬ್ಯಾಡ ಕಣಮ್ಮಿ. ಮಾಡುದ್ರೆ ನಿನ್ನೂ ಕರ್ಕಂಡೋಯ್ತಾರೆ,” ಎಂದಳು. ನಮ್ಮ ಮನೆಯಲ್ಲಿ ಮತ್ತೆ ಮೈದಾ ಅಂಟು ಕುದಿಯಲಿಲ್ಲ. ಇನ್ನೊಂದನ್ನು ನಾನು ನಿಧಾನವಾಗಿ ಗಮನಿಸಿದೆ: ಅತ್ತೆ ‘ಮದ್ದು’ ಎನ್ನುವುದನ್ನೇ ಬಿಟ್ಟಿದ್ದಳು. ತಾತನಿಗೆ ಕುಡಿಸುವಾಗ ‘ಔಸ್ತಿ’ ಎನ್ನುತ್ತಿದ್ದಳು, ಕೆಲವೊಮ್ಮೆ ‘ಟಾನಿಕ್ಕು’. ಹೆತ್ತವ್ವನ ಬಾಯಿಂದ ಕಲಿತ ಮಾತನ್ನು ನುಂಗಿಕೊಂಡು, ಅಂಗಡಿಯವರ ಮಾತನ್ನು ಹುಷಾರಾಗಿ ಆಡುತ್ತಿದ್ದಳು. ಮನೆಮಂದಿಯೆಲ್ಲ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಾಗಲೂ ಅವಳು ಬರಲಿಲ್ಲ. “ಕೇಸ್ ಮಡೀಕಂಡು ದ್ಯಾವ್ರ ಮುಂದ್ ನಿಂತ್ಕಳದಾ? ಮುಗೀಲಿ ಬುಡು, ಓಗನ.”

ಮುಗಿಯಲಿಲ್ಲ. ತಾತ ಹೋದ, ಚಿಕ್ಕತಾತ ಹೋದ. ಪಾಲಾದಾಗ ನಡುಮನೆ ಬೇರೆಯವರ ಕೈ ಸೇರಿತು. ಈಗ ಅಲ್ಲಿ ನೀರಾವರಿ ಪೈಪುಗಳನ್ನು ಒಟ್ಟಿದ್ದಾರೆ. ಅಪ್ಪ, ಅವ್ವ ಚಾಮರಾಜನಗರಕ್ಕೆ ಬಂದರು, ಅತ್ತೆಯೂ ಜೊತೆಗೆ ಬಂದಳು. ಪಟ್ಟಣದ ಆ ಚಿಕ್ಕ ಮನೆಯಲ್ಲಿ, ಎದೆನೋವಿನಿಂದ ಮಲಗಿದ್ದಾಗ, ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: “ಅದೇನಾಯ್ತಂತಮ್ಮಿ, ಕೇಸು?” ಅವಳು ತೀರಿಕೊಂಡ ಮೇಲೆ ನೀವು ಉತ್ತರ ಕಂಡುಕೊಂಡಿರಿ. ಆರೋಪಿ ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯ ಎಂದು ಷರಾ ಬರೆದಿರಿ. ವರದಿ ಎಲ್ಲಿ ಎಂದು ನಾನು ಬಂದು ಕೇಳಿದಾಗ, ಕುರ್ಚಿಯಲ್ಲಿದ್ದವರು ಕನಿಕರದಿಂದಲೇ, “ಮುಗಿದೋಯ್ತಲ್ಲಮ್ಮ, ಇನ್ನು ಯಾತಕ್ಕೆ?” ಎಂದರು.

ಮಾನ್ಯರೇ, ಇದಕ್ಕಾಗಿ. ಪರೀಕ್ಷೆಗೆ ಕಳುಹಿಸಿದ್ದೇವೆಂದು ವರ್ಷಗಟ್ಟಲೆ ಹೇಳಿದ ಮಾದರಿ ಯಾವುದು, ಅದರಲ್ಲಿ ಸಿಕ್ಕಿದ್ದೇನು, ಕಳುಹಿಸಿಯೇ ಇರದಿದ್ದರೆ ಹಾಗೆ ಹೇಳಿದವರು ಯಾರು ಎಂಬುದಕ್ಕೆ ನನಗೆ ಲಿಖಿತ ಉತ್ತರ ಬೇಕು. ಬರೆದದ್ದು ತಪ್ಪೆಂದು ಸ್ಥಳದಲ್ಲೇ ತಿಳಿದ ಮೇಲೂ ಅದನ್ನು ತಿದ್ದದೆ ಹೋದವರ ಮೇಲೆ ಯಾವ ಕ್ರಮ ಕೈಗೊಳ್ಳುತ್ತೀರೆಂಬುದನ್ನೂ ತಿಳಿಸಬೇಕು. ನಮ್ಮೂರಿನ ಶಾಲೆಯವರಿಗೆ, ಗೌರಮ್ಮ ಯಾವ ಅಪರಾಧವನ್ನೂ ಮಾಡಿರಲಿಲ್ಲ ಎಂದು ಇಲಾಖೆಯ ಕಡೆಯಿಂದ ಪತ್ರ ಹೋಗಬೇಕು. ಅದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿಸಬೇಕು. ಪರಿಶೀಲಿಸಲಾಗುವುದು ಎಂಬ ಉತ್ತರವನ್ನು ನಾನು ಸ್ವೀಕರಿಸುವುದಿಲ್ಲ. ಈ ಪ್ರಕರಣ ಮುಗಿಯಬೇಕಾದದ್ದು ಅವಳು ಸತ್ತಳೆಂಬ ಕಾರಣಕ್ಕಲ್ಲ, ಅದು ಹುಟ್ಟಲೇಬಾರದಿತ್ತು ಎಂಬ ಕಾರಣಕ್ಕೆ. ಹಾಗೆಂದು ತಿದ್ದಿ ಬರೆದು, ಕೆಳಗೆ ತಮ್ಮ ಹೆಸರನ್ನು ಓದಲು ಬರುವಂತೆ ಬರೆದು ಸಹಿ ಮಾಡಬೇಕೆಂದು ಕೋರುತ್ತೇನೆ.