ಲೆಕ್ಕಕ್ಕಿಲ್ಲದ ರೀವ

ಶ್ಯಾಮಣ್ಣ ಮೇಷ್ಟ್ರಿಗೆ ಬಾಯಿಗಿಂತ ಕೈ ಮುಂದು. ಬಸವನಗುಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಅವರ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಸ್ಟೀಲ್ ಸ್ಕೇಲು ಇರುತ್ತಿತ್ತು. ವರ್ಷಕ್ಕೊಮ್ಮೆ ಮಂಗಳೂರಿನಿಂದ ಹಡಗು ಹತ್ತಿ ಕಡಲಹಕ್ಕಿ ಎಣಿಸುವುದೇ ಅವರ ಬಾಳು. ಪಾಠ, ಸಂಸಾರವೆಲ್ಲ ಆಮೇಲೆ.

ಅವರ ಪ್ರಯೋಗಾಲಯದ ಸಹಾಯಕ ನಾನು, ಇಬ್ಬರು ಮಕ್ಕಳ ತಂದೆ. ಎಣಿಕೆಗೆ ನನ್ನನ್ನು ತಯಾರು ಮಾಡಿದ್ದು ತ್ಯಾಗರಾಜನಗರದ ಅವರ ಮನೆಯ ತಾರಸಿಯಲ್ಲಿ. ನೀರಿನ ಟ್ಯಾಂಕೇ ಹಡಗು. ಎದುರುಮನೆಯ ತೆಂಗಿನಮರದವರೆಗೆ ಕಂಡ ಕಾಗೆ, ಹದ್ದುಗಳನ್ನು ಬರೆಯಬೇಕು. ಒಂದೇ ಹದ್ದನ್ನು ಎರಡು ಸಲ ಬರೆದೆನೋ, ಗೆಣ್ಣಿನ ಮೇಲೆ ಸ್ಕೇಲು. ಟ್ಯಾಂಕಿನ ಮೇಲೆ ಕೂತ ಕಾಗೆಯನ್ನು ಬರೆದ ದಿನ ರಕ್ತವೇ ಬಂತು.

"ಹಡಗಿನ ಮೇಲೆ ಕೂತಿದ್ದು ಲೆಕ್ಕಕ್ಕಿಲ್ಲ ಕಣಯ್ಯಾ! ಸಮುದ್ರದಲ್ಲಿ ಎಷ್ಟಿವೆ ಅಂತ ತಾನೆ ನಾವು ನೋಡ್ತಿರೋದು?"

ಬಾಗಿಲಿಗೆ ಬೆರಳು ಸಿಕ್ಕಿಕೊಂಡಿತೆಂದು ಹೆಂಡತಿಗೆ ಸುಳ್ಳು ಹೇಳಿದೆ. ಆದರೂ ಮರುದಿನ ಹೋದೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನಮ್ಮ ಹಡಗು ಬಿರುಗಾಳಿಗೆ ಸಿಕ್ಕಿತು. ಸೋತುಹೋದ ರೀವಗಳು, ಅಂದರೆ ಕವಲು ಬಾಲದ ಕಡಲಹಕ್ಕಿಗಳು, ಡೆಕ್ಕಿನ ಮೇಲೆ ಬಂದು ಬಂದು ಬೀಳುತ್ತಿದ್ದವು. ಅಡುಗೆಯವನು ಸಾರು ಮಾಡಲೆಂದು ಕಬ್ಬಿಣದ ಸರಳಿನಿಂದ ಒಂದೊಂದರ ತಲೆಯನ್ನೂ ಜಜ್ಜಿ ಬಕೆಟ್ಟಿಗೆ ಎಸೆಯುತ್ತಿದ್ದ. ಐದನೆಯದಕ್ಕೆ ಸರಳೆತ್ತಿದಾಗ ಮೇಷ್ಟ್ರು ಅವನ ಕಪಾಳಕ್ಕೆ ಬಾರಿಸಿದರು. ಅವನು ತಿರುಗಿ ಬೀಸಿದ. ಸರಳು ಮೇಷ್ಟ್ರ ಬಲಗಣ್ಣಿಗೆ ಬಿತ್ತು. ಆ ಗಲಾಟೆಯಲ್ಲಿ ಐದನೆಯ ರೀವ ಎದ್ದು ಹಾರಿಹೋಯಿತು.

ಬೆರಳಸಂದಿಯಿಂದ ರಕ್ತ ಸುರಿಯುತ್ತಿದ್ದರೂ ಅವರು ಕಿರುಚಿದ್ದು ನನ್ನ ಮೇಲೆ: "ನನ್ನೇನ್ ನೋಡ್ತೀಯಯ್ಯಾ? ನೀರು ನೋಡು!"

ಅಳುತ್ತಾ ನೀರು ನೋಡಿದೆ. ಅಳುತ್ತಲೇ ಆ ಐದನೆಯ ರೀವವನ್ನೂ ಪಟ್ಟಿಗೆ ಸೇರಿಸಿದೆ.

ಕಣ್ಣು ಉಳಿಯಲಿಲ್ಲ. ಒಂದೇ ಕಣ್ಣಿನವರನ್ನು ಎಣಿಕೆಗೆ ಹಡಗು ಹತ್ತಿಸುವುದಿಲ್ಲವೆಂದು ಕಾಗದ ಬಂತು. ಅವರಿಗೆ ಉಳಿದದ್ದು ಆ ಕೊನೆಯ ಪಟ್ಟಿ. ನಾನು ಕಡೆಯ ಸಲ ಮನೆಗೆ ಹೋದಾಗ ಭೂತಗನ್ನಡಿ ಹಿಡಿದು ಅದನ್ನೇ ತಿದ್ದುತ್ತಿದ್ದರು.

"ಈ ರೀವ ಎಲ್ಲಿ ಕಂಡಿದ್ದು?"

"ಡೆಕ್ಕಿನ ಮೇಲೆ ಸಾರ್. ನಿಮ್ಮ ಕಣ್ಣು ಹೋಯ್ತಲ್ಲ, ಆವತ್ತಿಂದು. ಅದೊಂದಾದ್ರೂ ಇರ್ಲಿ ಅಂತ..."

"ಹೋಗಿದ್ದು ನನ್ನ ಕಣ್ಣು. ಅದಕ್ಕೆ ಪಟ್ಟಿ ಯಾಕೆ ಕೆಡಿಸ್ತೀಯಾ? ಅಳಿಸು!"

ಸ್ಕೇಲು ಬೀಸಿದರು. ಒಂಟಿ ಕಣ್ಣಿಗೆ ದೂರ ಅಂದಾಜಾಗಲಿಲ್ಲ. ಅದು ನನ್ನ ಗೆಣ್ಣು ತಪ್ಪಿ ಮೇಜಿಗೆ ಬಡಿಯಿತು. ಮತ್ತೆ ಬೀಸಿದರು. ಮತ್ತೆ ಮೇಜಿಗೇ.

ಮೂರನೆಯ ಸಲ ಸ್ಕೇಲು ಎತ್ತಿದಾಗ ನಾನೇ ಕೈಯನ್ನು ಅದರಡಿಗೆ ಸರಿಸಿದೆ.